ಬೇಡ ಎನ್ನಲು ಕೈಯಲ್ಲಿ ಏನಿತ್ತು?

ಓದುಗರ ಪ್ರಶ್ನೆ, ಮೈಸೂರಿನಿಂದ ಉತ್ತರ

ಎರಡು ಸಂಚಿಕೆಗಳ ಹಿಂದೆ ಒಬ್ಬ ತಾಯಿಗೆ ಉತ್ತರ ಬರೆಯುತ್ತ ಒಂದು ಮಾತು ಹೇಳಿದ್ದೆ: ಸ್ತ್ರೀವಾದ ಒಂದೇ ಹೊಳೆಯಲ್ಲ, ಮನೆತನ ಉಳಿಯಬೇಕು ಎನ್ನುವವರೂ ಸರ್ಕಾರ ನಮ್ಮ ಬದುಕಿನಿಂದ ದೂರವಿರಬೇಕು ಎನ್ನುವವರೂ ತಮ್ಮನ್ನು ಸ್ತ್ರೀವಾದಿಗಳೆಂದೇ ಕರೆದುಕೊಂಡಿದ್ದಾರೆ ಎಂದು. ಆ ಒಂದು ಮಾತಿಗೆ ಬಂದ ಪತ್ರಗಳು ಸರಸ್ವತಿಪುರಂನ ನಮ್ಮ ಮನೆಯ ಊಟದ ಮೇಜಿನ ಅರ್ಧ ತುಂಬಿವೆ. ಮೂವತ್ತೊಂದು ವರ್ಷ ಹೆಣ್ಣುಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಟ್ಟವಳಿಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ. ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಕೊನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಗೌರಿ ಹಬ್ಬ ಹತ್ತಿರ ಬಂದಿದೆ, ಆ ಪತ್ರ ಮುಂದಿನ ತಿಂಗಳವರೆಗೆ ಕಾಯುವಂಥದ್ದಲ್ಲ.

ಪ್ರಶ್ನೆ: ಸಂಪ್ರದಾಯ ಮತ್ತು ಸ್ತ್ರೀವಾದ ಎಣ್ಣೆ ಸೀಗೆಕಾಯಿ ಇದ್ದಂತೆ. ಹೀಗಿರುವಾಗ ‘ಸಂಪ್ರದಾಯಸ್ಥ ಸ್ತ್ರೀವಾದ’ ಎಂಬ ಮಾತಿಗೆ ಅರ್ಥವಿದೆಯೇ ಮೇಡಂ? ಪರೀಕ್ಷೆಗೂ ಬೇಕು, ನನಗೂ ಬೇಕು.
ಎಂ.ಎ. ವಿದ್ಯಾರ್ಥಿನಿ, ಮಾನಸಗಂಗೋತ್ರಿ, ಮೈಸೂರು

ಉತ್ತರ: ಅರ್ಥವಿದೆ. ಅದನ್ನು ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಾಗಿಯೂ ಇಲ್ಲ. ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮನನ್ನು ನೆನೆಸಿಕೊಳ್ಳಿ. ಅವಳ ‘ಹದಿಬದೆಯ ಧರ್ಮ’ ಪತಿವ್ರತೆಯ ನಡೆನುಡಿ ಹೇಗಿರಬೇಕೆಂದು ಹೇಳುವ ಗ್ರಂಥ. ಗಂಡನೇ ದೈವ ಎಂಬಲ್ಲಿ ಅವಳಿಗೆ ಸಂಶಯವಿಲ್ಲ. ಅದೇ ಗ್ರಂಥದಲ್ಲಿ, ಅದೇ ಸಾಂಗತ್ಯದ ಧಾಟಿಯಲ್ಲಿ ಅವಳು ಕೇಳುತ್ತಾಳೆ:

ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ
ಪೆಣ್ಣಲ್ಲವೆ ಪೊರೆದವಳು
ಪೆಣ್ಣು ಪೆಣ್ಣೆಂದೇತಕೆ ಬೀಳುಗಳೆವರು
ಕಣ್ಣು ಕಾಣದ ಗಾವಿಲರು

ಹೆಣ್ಣನ್ನು ಹೀಗಳೆಯುವವರನ್ನು ಮೂಢರು ಎಂದು ಬೈದವಳು ಹೊಸ್ತಿಲು ದಾಟಿ ಬೈಯಲಿಲ್ಲ. ಹೊಸ್ತಿಲ ಒಳಗೇ ನಿಂತು, ಮನೆಯ ಧರ್ಮವನ್ನೇ ಸಾಕ್ಷಿಗೆ ಕರೆದು ಬೈದಳು. ಇನ್ನೂರು ವರ್ಷಗಳ ಮೇಲೆ ನಂಜನಗೂಡಿನಲ್ಲಿ ಹುಟ್ಟಿ, ಆಡುವ ವಯಸ್ಸಿಗೇ ವಿಧವೆಯಾದ ತಿರುಮಲಾಂಬಾ ಕೂಡ ಹೀಗೆಯೇ. ಅವರು ಹೊರತಂದ ಪುಸ್ತಕಮಾಲೆಯ ಹೆಸರು ‘ಸತಿಹಿತೈಷಿಣಿ’. ಹೆಸರಿನಲ್ಲಿ ಸತಿ ಇದ್ದಾಳೆ, ಕೆಲಸದಲ್ಲಿ ಹೆಣ್ಣುಮಕ್ಕಳ ಓದು ಇದೆ. ಇಂಥವರನ್ನು ಹಳಬರು ಎಂದು ಬದಿಗೆ ಸರಿಸುವುದು ನನ್ನಿಂದ ಆಗದು. ನನ್ನ ಅಜ್ಜಿಗೆ ಅಕ್ಷರ ಕಲಿಸಿದವರು ಇಂಥ ಪುಸ್ತಕಗಳನ್ನು ಓದಿದ್ದ ಒಬ್ಬ ಸೋದರತ್ತೆ.

ಈಗ ಪರೀಕ್ಷೆಗೆ ಬೇಕಾದದ್ದು. ಅಮೆರಿಕದಲ್ಲಿ ಈ ಧಾರೆಯವರೆಂದು ಹೆಸರಿಸುವವರಲ್ಲಿ ರಾಜಕೀಯ ಚಿಂತಕಿ ಜೀನ್ ಬೆತ್ಕೆ ಎಲ್ಶ್‌ಟೈನ್ ಒಬ್ಬರು. ಸಂಸಾರವನ್ನು ಬರೀ ದಬ್ಬಾಳಿಕೆಯ ಜಾಗವೆಂದು ಕಾಣುವ ಸ್ತ್ರೀವಾದ ಮಗುವನ್ನು ಮರೆಯುತ್ತದೆ ಎಂದು ಅವರು 1981ರಲ್ಲಿ ವಾದಿಸಿದರು. ಇತಿಹಾಸಕಾರ್ತಿ ಎಲಿಜಬೆತ್ ಫಾಕ್ಸ್-ಜಿನೊವೀಸ್ 1990ರ ದಶಕದಲ್ಲಿ ಇನ್ನೂ ಮುಂದೆ ಹೋದರು. ‘ನಾನು, ನನ್ನ ಹಕ್ಕು’ ಎಂಬ ಭಾಷೆಯಿಂದ ಹೆಚ್ಚು ಲಾಭವಾಗುವುದು ಓದಿದ, ಅನುಕೂಲಸ್ಥ ಹೆಂಗಸರಿಗೆ. ಮಕ್ಕಳು, ಗಂಡ, ಮುದುಕರ ನಡುವೆ ಬದುಕುವ ಸಾಮಾನ್ಯ ಹೆಣ್ಣು ಅದರಲ್ಲಿ ತನ್ನ ಮುಖ ಕಾಣುವುದಿಲ್ಲ ಎಂದರು. ಇವರ ಜೊತೆಗೇ ಕ್ರಿಸ್ಟೀನಾ ಹಾಫ್ ಸಾಮರ್ಸ್ ಅವರ ಹೆಸರನ್ನೂ ಸೇರಿಸುವ ರೂಢಿ ಇದೆ. ನನಗೆ ಅದು ತಪ್ಪೆನ್ನಿಸುತ್ತದೆ. ಕಾನೂನಿನ ಮುಂದೆ ಹೆಣ್ಣು ಗಂಡು ಸಮ ಎಂಬಷ್ಟನ್ನು ಒಪ್ಪಿ, ಸಮಾಜವೆಲ್ಲ ಹೆಣ್ಣಿನ ವಿರುದ್ಧ ಹೂಡಿದ ವ್ಯವಸ್ಥೆ ಎಂಬುದನ್ನು ಒಪ್ಪದ ಅವರ 1994ರ ವಾದದ ಬೇರು ಹಳೆಯ ಉದಾರವಾದದಲ್ಲಿದೆ. ಸಂಪ್ರದಾಯದಲ್ಲಿ ಅಲ್ಲ.

ಇದಕ್ಕೆ ಪೂರ್ತಿ ಎದುರು ದಿಕ್ಕಿನಲ್ಲಿ ಲಿಬರ್ಟೇರಿಯನ್ ಸ್ತ್ರೀವಾದ, ಅಂದರೆ ವ್ಯಕ್ತಿಸ್ವಾತಂತ್ರ್ಯವೇ ಮೊದಲು ಎನ್ನುವ ಧಾರೆ ನಿಂತಿದೆ. 1972ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಮೆರಿಕದ ಇತಿಹಾಸದಲ್ಲೇ ಮೊದಲ ಬಾರಿಗೆ ಎಲೆಕ್ಟೋರಲ್ ಮತ, ಅಂದರೆ ರಾಜ್ಯಗಳು ಆರಿಸಿ ಕಳಿಸುವ ಪ್ರತಿನಿಧಿಯ ಮತ, ಪಡೆದ ಹೆಂಗಸು ಟೋನಿ ನೇಥನ್ ಮರುವರ್ಷವೇ ಇಂಥವರ ಸಂಘ ಕಟ್ಟಿದರು. ಜೋನ್ ಕೆನಡಿ ಟೇಲರ್, ವೆಂಡಿ ಮೆಕೆಲ್ರಾಯ್ ಆಮೇಲೆ ಅದನ್ನು ಬರಹದಲ್ಲಿ ಬೆಳೆಸಿದರು. ದೇಹ ನನ್ನದು, ದುಡಿಮೆ ನನ್ನದು, ಕರಾರು ನನ್ನದು, ಕಾನೂನು ನನಗೆ ಅಡ್ಡಿ ಮಾಡುವುದೂ ಬೇಡ ರಿಯಾಯಿತಿ ಕೊಡುವುದೂ ಬೇಡ ಎಂಬುದು ಅವರ ನಿಲುವು. ಎರಡೂ ಧಾರೆಗಳನ್ನು ಒಂದೇ ಬಲಪಂಥದ ಗಂಟಿನಲ್ಲಿ ಕಟ್ಟಿ ಉತ್ತರ ಬರೆದರೆ ಅಂಕ ಸಿಕ್ಕೀತು, ಅರ್ಥ ಸಿಗದು. ಒಂದಕ್ಕೆ ಒಂಟಿ ವ್ಯಕ್ತಿ ಎಂಬುದೇ ಸುಳ್ಳು, ಇನ್ನೊಂದಕ್ಕೆ ಒಂಟಿ ವ್ಯಕ್ತಿಯೇ ಎಲ್ಲ.

ಸಂಪ್ರದಾಯದ ಧಾರೆಯ ಟೀಕಾಕಾರರಲ್ಲಿ ಸಮಾಜಶಾಸ್ತ್ರಜ್ಞೆ ಜೂಡಿತ್ ಸ್ಟೇಸಿ ಅವರನ್ನು ಓದಿ. ಎಲ್ಶ್‌ಟೈನ್ ಮತ್ತು ಆ ಹೊತ್ತಿಗೆ ಕುಟುಂಬದ ಕಡೆ ತಿರುಗಿದ್ದ ಬೆಟ್ಟಿ ಫ್ರೀಡನ್ ಇಬ್ಬರನ್ನೂ ಅವರು 1983ರಲ್ಲಿ ತರಾಟೆಗೆ ತೆಗೆದುಕೊಂಡರು. ಸಂಸಾರವನ್ನು ಕಾಪಾಡುವ ಭರದಲ್ಲಿ ಸಂಸಾರದ ಒಳಗೆ ಯಾರ ಕೈ ಮೇಲೆ ಎಂಬ ಪ್ರಶ್ನೆಯನ್ನೇ ಇವರು ಕೈಬಿಟ್ಟರು ಎಂಬುದು ಅವರ ಆಕ್ಷೇಪ.

ಈ ಆಕ್ಷೇಪ ಎಷ್ಟು ನಿಜವೆಂದು ತೋರಿಸಲು ನಾನು ತರಗತಿಯಲ್ಲಿ ಒಂದು ಮೊಕದ್ದಮೆಯನ್ನು ಹೇಳುತ್ತಿದ್ದೆ. ಅಮೆರಿಕದ ಸಂವಿಧಾನಕ್ಕೆ ಹೆಣ್ಣು ಗಂಡು ಸಮ ಎನ್ನುವ ಸಮಾನ ಹಕ್ಕುಗಳ ತಿದ್ದುಪಡಿ ಬಂದರೆ ಗಂಡನಿಂದ ಸಾಕಿಸಿಕೊಳ್ಳುವ ಹೆಂಡತಿಯ ಹಕ್ಕು ಹೋಗುತ್ತದೆ ಎಂದು ಸಂಪ್ರದಾಯವಾದಿ ನಾಯಕಿ ಫಿಲಿಸ್ ಶ್ಲಾಫ್ಲಿ 1972ರಿಂದ ಹತ್ತು ವರ್ಷ ಪ್ರಚಾರ ಮಾಡಿದರು. 38 ರಾಜ್ಯಗಳು ಒಪ್ಪಬೇಕಿದ್ದ ಆ ತಿದ್ದುಪಡಿ 35ಕ್ಕೆ ನಿಂತು 1982ರಲ್ಲಿ ಬಿದ್ದುಹೋಯಿತು. ಹಾಗಾದರೆ ಆ ಸಾಕಿಸಿಕೊಳ್ಳುವ ಹಕ್ಕು ಎಂಥದ್ದು? ನೆಬ್ರಾಸ್ಕಾದಲ್ಲಿ ಮೆಗ್ವೈರ್ ಎಂಬ ಸ್ಥಿತಿವಂತ ರೈತನ ಹೆಂಡತಿ ಕೋಳಿ ಸಾಕಿ, ಮೊಟ್ಟೆ ಮಾರಿ ತನ್ನ ಬಟ್ಟೆ, ದಿನಸಿ ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಬಚ್ಚಲಿರಲಿಲ್ಲ. ಗಂಡ ಕೈಗೆ ಕಾಸು ಕೊಡುತ್ತಿರಲಿಲ್ಲ. ಅವಳು ಕೋರ್ಟಿಗೆ ಹೋದಳು. ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1953ರಲ್ಲಿ ಹೇಳಿದ್ದು ಇಷ್ಟು: ಇಬ್ಬರೂ ಒಂದೇ ಸೂರಿನಡಿ ಇರುವವರೆಗೆ ಮನೆ ಹೇಗೆ ನಡೆಯಬೇಕೆಂಬುದು ಮನೆಯವರ ವಿಷಯ, ನಮ್ಮದಲ್ಲ. ಮದುವೆಯಾಗಿ ಮೂವತ್ತು ವರ್ಷ ದಾಟಿದ್ದ ಹೆಂಗಸು ಬರಿಗೈಯಲ್ಲಿ ಅದೇ ಮನೆಗೆ ಹಿಂದಿರುಗಬೇಕಾಯಿತು. ಸಂಪ್ರದಾಯ ಕೊಡುತ್ತೇನೆಂದ ರಕ್ಷಣೆಯನ್ನು ಕೇಳಿ ಪಡೆಯುವ ದಾರಿಯೇ ಅವಳಿಗೆ ಇರಲಿಲ್ಲ.

ಪ್ರಶ್ನೆ: ನಮ್ಮ ಗಾರ್ಮೆಂಟ್ಸ್‌ನಲ್ಲಿ ರಾತ್ರಿ ಪಾಳಿಗೆ ಒಪ್ಪಿಗೆ ಪತ್ರ ಬರೆಸಿಕೊಳ್ಳುತ್ತಿದ್ದಾರೆ. ಕೆಲವರು ಹೆಚ್ಚಿನ ಹಣ ಸಿಗುತ್ತದೆ ಎಂದು ಸಂತೋಷವಾಗಿ ಸಹಿ ಹಾಕುತ್ತಾರೆ, ಕೆಲವರು ಹೆದರಿ ಹಾಕುತ್ತಾರೆ. ಹೆಂಗಸರಿಗೆ ರಾತ್ರಿ ಕೆಲಸ ಬೇಡ ಎಂಬ ಹಳೆಯ ಕಾನೂನೇ ವಾಸಿಯಿತ್ತೇ ಅಮ್ಮ?
ಟೈಲರ್, ಮದ್ದೂರು ತಾಲ್ಲೂಕು

ಉತ್ತರ: ನಿಮ್ಮ ಒಂದೇ ಸಾಲಿನಲ್ಲಿ ನೂರು ವರ್ಷದ ಜಗಳವಿದೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯ 66ನೆಯ ಕಲಂ ಹೆಂಗಸರಿಗೆ ಬೆಳಗಿನ 6ರಿಂದ ಸಂಜೆ 7ರವರೆಗೆ ಮಾತ್ರ ಕೆಲಸ ಎಂದಿತ್ತು. 2000ದಲ್ಲಿ ಮದ್ರಾಸ್ ಹೈಕೋರ್ಟ್ ಆ ನಿರ್ಬಂಧ ಸಂವಿಧಾನಕ್ಕೆ ವಿರುದ್ಧ ಎಂದಿತು. ನಮ್ಮ ರಾಜ್ಯ 2019ರಲ್ಲಿ ಲಿಖಿತ ಒಪ್ಪಿಗೆ, ಓಡಾಟಕ್ಕೆ ವಾಹನ ಮುಂತಾದ ಷರತ್ತುಗಳೊಂದಿಗೆ ರಾತ್ರಿ ಪಾಳಿಗೆ ಅವಕಾಶ ಕೊಟ್ಟಿತು. ನೀವು ಬರೆದುಕೊಡುತ್ತಿರುವ ಒಪ್ಪಿಗೆ ಪತ್ರ ಬಂದದ್ದು ಹೀಗೆ.

ಇಬ್ಬರು ಹೆಂಗಸರ ಕಥೆ ಹೇಳುತ್ತೇನೆ, ಇಬ್ಬರೂ ನಿಮ್ಮಂತೆ ದುಡಿದು ತಿನ್ನುವವರು. ಮೊದಲನೆಯವಳು ವಾಷಿಂಗ್ಟನ್ ನಗರದ ಹೋಟೆಲೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದ 21 ವರ್ಷದ ವಿಲ್ಲಿ ಲಯನ್ಸ್. ತಿಂಗಳಿಗೆ 35 ಡಾಲರ್ ಮತ್ತು ಊಟ. ಹೆಂಗಸರಿಗೆ ಇಷ್ಟು ಕನಿಷ್ಠ ಕೂಲಿ ಕೊಡಲೇಬೇಕೆಂಬ ಕಾನೂನು ಬಂದಾಗ ಹೋಟೆಲಿನವರು ಅಷ್ಟು ಕೊಡುವ ಬದಲು ಅವಳನ್ನೇ ಬಿಡಿಸಿದರು. ನನ್ನ ಕೂಲಿಯನ್ನು ನಾನು ಮಾತಾಡಿಕೊಳ್ಳುತ್ತೇನೆ ಎಂದು ಅವಳು ಕೋರ್ಟಿಗೆ ಹೋದಳು. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಾನೂನನ್ನೇ ಹೊಡೆದುಹಾಕಿತು. ಅದೇ ವರ್ಷ ಸಮಾನ ಹಕ್ಕುಗಳ ತಿದ್ದುಪಡಿಯನ್ನು ಮುಂದಿಟ್ಟ ಆಲಿಸ್ ಪಾಲ್ ಮತ್ತು ಅವರ ಸಂಗಡಿಗರಿಗೆ ಹೆಂಗಸರಿಗೆಂದೇ ಮಾಡಿದ ಇಂಥ ಕಾನೂನುಗಳು ಬೇಡವಾಗಿದ್ದವು. ಕಾರ್ಮಿಕ ಹೆಂಗಸರ ನಡುವೆ ಬದುಕು ಸವೆಸಿದ ಫ್ಲಾರೆನ್ಸ್ ಕೆಲ್ಲಿ ಅಂಥವರಿಗೆ ಇವು ಪ್ರಾಣಕ್ಕೆ ಸಮ. ಇಬ್ಬರೂ ಹೆಣ್ಣಿನ ಪರವೇ, ಒಬ್ಬರ ಮುಖ ಒಬ್ಬರು ನೋಡದಷ್ಟು ದೂರವಾದರು.

ಎರಡನೆಯವಳು ಎಲ್ಸಿ ಪ್ಯಾರಿಷ್, ಇನ್ನೊಂದು ಹೋಟೆಲಿನಲ್ಲಿ ಕೋಣೆ ಗುಡಿಸುತ್ತಿದ್ದವಳು. ವಾರದ 48 ಗಂಟೆಗೆ 14 ಡಾಲರ್ 50 ಸೆಂಟ್ ಕೊಡಬೇಕೆಂಬ ಕಾನೂನಿದ್ದರೂ ಕಡಿಮೆ ಕೊಟ್ಟಿದ್ದರು. ಬಾಕಿ 216 ಡಾಲರ್ 19 ಸೆಂಟ್ ಕೊಡಿ ಎಂದು ಅವಳು ಹೂಡಿದ ದಾವೆಯಲ್ಲಿ, 1937ರಲ್ಲಿ, ಅದೇ ಸುಪ್ರೀಂ ಕೋರ್ಟ್ ತನ್ನ ಹಿಂದಿನ ತೀರ್ಪನ್ನು ನುಂಗಿಕೊಂಡಿತು.

ಲಿಬರ್ಟೇರಿಯನ್ ಲೇಖಕಿಯರು ವಿಲ್ಲಿಯನ್ನು ಮರೆಯಬೇಡಿ ಎನ್ನುತ್ತಾರೆ. ಸರಿಯಾಗಿಯೇ ಹೇಳುತ್ತಾರೆ. ರಕ್ಷಣೆಯ ಹೆಸರಿನಲ್ಲಿ ಹೆಣ್ಣು ಕೆಲಸ ಕಳೆದುಕೊಂಡದ್ದನ್ನು ನಾವೂ ಕಂಡಿದ್ದೇವೆ. 2017ರಲ್ಲಿ ಹೆರಿಗೆ ರಜೆ 12ರಿಂದ 26 ವಾರಕ್ಕೆ ಏರಿದಾಗ ಪೂರ್ತಿ ವೆಚ್ಚವನ್ನು ಮಾಲೀಕರ ತಲೆಗೇ ಕಟ್ಟಿದರು. ಮದುವೆಯಾದ ಹುಡುಗಿಯರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂದೆ ಮುಂದೆ ನೋಡಿದವರ ಬಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯರೇ ಹೇಳಿದ್ದಾರೆ.

ಆದ್ದರಿಂದ ಹಳೆಯ ನಿಷೇಧ ಬೇಡ. ಅದು ನಿಮ್ಮಲ್ಲಿ ಸಂತೋಷದಿಂದ ಸಹಿ ಹಾಕಿದವಳ ಸಂಪಾದನೆ ಕಸಿಯುತ್ತದೆ. ಹೆದರಿ ಹಾಕಿದವಳಿಗೆ ಬೇಕಾದದ್ದು ಬೇರೆ: ಒಪ್ಪದಿದ್ದರೆ ಹಗಲು ಪಾಳಿ ಉಳಿಯುತ್ತದೆ, ಕೆಲಸ ಹೋಗುವುದಿಲ್ಲ ಎಂಬ ಮಾತು ಅದೇ ಕಾಗದದಲ್ಲಿ ಅಚ್ಚಾಗಿರಬೇಕು. ನಿಮ್ಮ ಒಪ್ಪಿಗೆ ಪತ್ರದಲ್ಲಿ ಆ ಸಾಲು ಇದೆಯೇ? ಇಲ್ಲವಾದರೆ ಹತ್ತು ಜನ ಸೇರಿ ಕೇಳಿ. ಒಬ್ಬಳೇ ಹೋಗಬೇಡಿ.

ಪ್ರಶ್ನೆ: ಹಿಂದೆ ಗಂಡನ ಕೈ ನೋಡುತ್ತಿದ್ದಳು, ಈಗ ಸರ್ಕಾರದ ಕೈ ನೋಡುತ್ತಾಳೆ. ಗೃಹಲಕ್ಷ್ಮಿಯ 2,000 ರೂಪಾಯಿಯಿಂದ ಹೆಣ್ಣು ಸ್ವತಂತ್ರಳಾಗುತ್ತಾಳೆಯೇ ಮೇಡಂ ಅವರೇ?
ರೈತರು, ಮಳವಳ್ಳಿ

ಉತ್ತರ: ನಿಮ್ಮ ಮೊದಲ ವಾಕ್ಯ ಲಿಬರ್ಟೇರಿಯನ್ನರದೇ ವಾದ. ನೀವು ಅದನ್ನು ಅವರಿಗಿಂತ ಚೆನ್ನಾಗಿ ಹೇಳಿದ್ದೀರಿ. 2023ರ ಆಗಸ್ಟ್ 30ರಂದು ನಮ್ಮ ಮಹಾರಾಜ ಕಾಲೇಜು ಮೈದಾನದಲ್ಲಿ ಆ ಯೋಜನೆ ಆರಂಭವಾದ ದಿನ ನಾನೂ ಹೋಗಿದ್ದೆ. ಮನೆಯ ‘ಯಜಮಾನಿ’ ಎಂಬ ಮಾತು ಸರ್ಕಾರಿ ಕಾಗದದಲ್ಲಿ ಬಂದದ್ದು ನನಗೆ ಹಣಕ್ಕಿಂತ ದೊಡ್ಡದಾಗಿ ಕಂಡಿತ್ತು. ಆದರೂ ಹಂಗು ಹಂಗೇ. ನಾಳೆ ನಿಂತರೆ ಏನು ಎಂಬ ಭಯ ಅದರ ಬೆನ್ನಿಗಿದೆ.

ಇನ್ನು ನಿಮ್ಮ ಪಂಪ್‌ಸೆಟ್ಟು 10 ಎಚ್.ಪಿ.ಯ ಒಳಗಿದ್ದರೆ ಅದಕ್ಕೆ ವಿದ್ಯುತ್ ಉಚಿತ. ಅದರಿಂದ ನಿಮ್ಮ ಸ್ವಾತಂತ್ರ್ಯ ಕುಗ್ಗಿತೆಂದು ನಾನು ತಿಳಿಯುವುದಿಲ್ಲ. ಬೆಳೆ ಬೆಳೆಯುವ ಕೆಲಸಕ್ಕೆ ಸಮಾಜ ಕೊಡುವ ಬೆಂಬಲ ಅದು. ಮನುಷ್ಯರನ್ನು ಬೆಳೆಸುವ ಕೆಲಸಕ್ಕೆ ಅದೇ ಮಾತು ಏಕೆ ಅನ್ವಯಿಸುವುದಿಲ್ಲ? ಸ್ತ್ರೀವಾದಿ ರಾಜಕೀಯ ಚಿಂತಕಿ ಸೂಸನ್ ಮೋಲರ್ ಓಕಿನ್ ಇದನ್ನು 1989ರಲ್ಲಿ ಬಹಳ ಹರಿತವಾಗಿ ಕೇಳಿದರು. ‘ಯಾರು ದುಡಿದರೋ ಅವರದೇ ವಸ್ತು’ ಎಂಬುದು ಲಿಬರ್ಟೇರಿಯನ್ ತತ್ತ್ವದ ಬುನಾದಿ, ಅಮೆರಿಕದ ತತ್ತ್ವಶಾಸ್ತ್ರಜ್ಞ ರಾಬರ್ಟ್ ನೋಜಿಕ್ 1974ರಲ್ಲಿ ಅದನ್ನು ಕಟ್ಟಿದ್ದರು. ಹಾಗಾದರೆ ಒಂಬತ್ತು ತಿಂಗಳು ಹೊತ್ತು, ಹೆತ್ತು, ಹಾಲೂಡಿಸಿ ಬೆಳೆಸಿದ ತಾಯಿಗೆ ಮಗು ಸ್ವಂತ ಆಸ್ತಿಯಾಗಬೇಕು. ಮನುಷ್ಯರೆಲ್ಲ ತಾಯಂದಿರ ದುಡಿಮೆಯಿಂದಲೇ ಬಂದವರಾದ್ದರಿಂದ ಯಾರೂ ತಮಗೆ ತಾವೇ ಒಡೆಯರಾಗಲಾರರು. ತತ್ತ್ವ ತನ್ನನ್ನು ತಾನೇ ಕೆಡವಿಕೊಳ್ಳುತ್ತದೆ. ಆ ಲೆಕ್ಕದಲ್ಲಿ ಹೆರುವ, ಸಾಕುವ ಕೆಲಸ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಎಂಬುದನ್ನು ಓಕಿನ್ ಇಷ್ಟರಲ್ಲೇ ತೋರಿಸಿದರು.

ಪ್ರಶ್ನೆ: ದೇಹ ಅವಳದು, ತೀರ್ಮಾನವೂ ಅವಳದು ಎಂದು ನೀವು ಹಿಂದೊಮ್ಮೆ ಬರೆದಿರಿ. ಆಲೆಮನೆಗೆ ಹೋದವಳದ್ದೂ ಅವಳ ತೀರ್ಮಾನವೇ?
ಆಶಾ ಕಾರ್ಯಕರ್ತೆ, ಮಂಡ್ಯ ತಾಲ್ಲೂಕು

ಉತ್ತರ: ಈ ಪ್ರಶ್ನೆ ಓದಿ ಎರಡು ದಿನ ಪೆನ್ನು ಹಿಡಿಯಲಿಲ್ಲ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ. 2023ರ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಹೆಣ್ಣುಭ್ರೂಣ ಹತ್ಯೆಯ ಜಾಲ ಸ್ಕ್ಯಾನಿಂಗ್ ನಡೆಸುತ್ತಿದ್ದದ್ದು ಮಂಡ್ಯದ ಒಂದು ಆಲೆಮನೆಯಲ್ಲಿ. ಆಲೆಮನೆ ಎಂದರೆ ನಮಗೆ ಏನು ಎಂಬುದು ನಿಮಗೆ ಗೊತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುವ ವಾಸನೆ, ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿಗೆ ಸುತ್ತಿಕೊಡಲಿ ಎಂದು ಸಾಲು ನಿಂತ ಮಕ್ಕಳು. ಹೆಣ್ಣುಮಕ್ಕಳೂ ಆ ಸಾಲಿನಲ್ಲಿ ನಿಲ್ಲುತ್ತಿದ್ದೆವು.

ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ 24ನೆಯ ಕಲಂ ಒಂದು ವಿಶೇಷ ಮಾತು ಹೇಳುತ್ತದೆ. ಗರ್ಭಿಣಿ ಪರೀಕ್ಷೆಗೆ ಹೋಗಿದ್ದರೆ, ಗಂಡ ಅಥವಾ ಸಂಬಂಧಿಕರು ಅವಳನ್ನು ಬಲವಂತ ಮಾಡಿದರೆಂದೇ ನ್ಯಾಯಾಲಯ ಭಾವಿಸಬೇಕು, ಅಲ್ಲವೆಂದು ರುಜುವಾತಾಗುವವರೆಗೆ. ವ್ಯಕ್ತಿಸ್ವಾತಂತ್ರ್ಯದ ಕಡೆಯಿಂದ ನೋಡಿದರೆ ಇದು ಅವಮಾನ. ವಯಸ್ಸಿಗೆ ಬಂದ ಹೆಂಗಸಿಗೆ ತನ್ನದೇ ಮನಸ್ಸಿಲ್ಲವೆಂದು ಕಾನೂನೇ ಹೇಳಿದಂತೆ. ಸಂಪ್ರದಾಯದ ಕಡೆಯವರು, ಉದಾಹರಣೆಗೆ ಅಮೆರಿಕದಲ್ಲಿ 1972ರಿಂದ ಗರ್ಭಪಾತವನ್ನು ಸ್ತ್ರೀವಾದದ ಹೆಸರಿನಲ್ಲೇ ವಿರೋಧಿಸುತ್ತ ಬಂದ ‘ಫೆಮಿನಿಸ್ಟ್ಸ್ ಫಾರ್ ಲೈಫ್’ ಸಂಘಟನೆಯವರು, ಗರ್ಭಪಾತದ ಆಯ್ಕೆಯ ಹಿಂದೆ ಹೆಚ್ಚಿನ ಸಲ ಒತ್ತಡವೇ ಇದೆ ಎನ್ನುತ್ತಾರೆ. ಅವರ ಮಾತನ್ನು ಪೂರ್ತಿ ಒಪ್ಪಿದರೆ 1971ರ ನಮ್ಮ ಗರ್ಭಪಾತ ಕಾಯ್ದೆಯಿಂದ ಜೀವ ಉಳಿಸಿಕೊಂಡವರನ್ನು ನಾನು ಕೈಬಿಡಬೇಕಾಗುತ್ತದೆ. ಅದು ನನ್ನಿಂದ ಸಾಧ್ಯವಿಲ್ಲ.

ನಾನು 24ನೆಯ ಕಲಮಿನ ಪರ. ಎರಡು ಹೆಣ್ಣು ಹೆತ್ತು ಮೂರನೆಯದಕ್ಕೆ ಬಸುರಾದವಳು ರಾತ್ರಿ ಕಾರಿನಲ್ಲಿ ಆಲೆಮನೆಗೆ ಹೋಗುವಾಗ ಅವಳ ಹೆಸರಿನಲ್ಲಿ ಒಂದು ಗುಂಟೆ ಜಮೀನಿರುವುದಿಲ್ಲ, ಬ್ಯಾಂಕಿನಲ್ಲಿ ಹಣವಿರುವುದಿಲ್ಲ, ತವರಿನಲ್ಲಿ ಜಾಗವಿರುವುದಿಲ್ಲ. ಬೇಡ ಎನ್ನಲು ಕೈಯಲ್ಲಿ ಏನೂ ಇಲ್ಲದವಳ ಹೂಂ ಎಂಬ ಮಾತನ್ನು ನಾನು ತೀರ್ಮಾನ ಎಂದು ಕರೆಯಲಾರೆ. ನೀವು ಮನೆಮನೆಗೆ ಹೋಗುವವರು, ನನಗಿಂತ ಚೆನ್ನಾಗಿ ಬಲ್ಲಿರಿ.

ಅದೇ 2023ರ ಫೆಬ್ರವರಿಯಲ್ಲಿ ಹೆಣ್ಣು ಸಿಗದ ರೈತ ಹುಡುಗರು ನನ್ನ ತವರು ಜಿಲ್ಲೆ ಮಂಡ್ಯದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಆ ಹುಡುಗರ ಮುಖ ನೋಡಿ ನನಗೆ ಸಂಕಟವಾಯಿತು. ಓದಿದ ಹುಡುಗಿ ಬೇಸಾಯದ ಮನೆ ಬೇಡ ಎನ್ನುತ್ತಾಳೆಂದು ಹಲವರು ದೂರಿದರು. ಅವಳು ಬೇಡ ಎಂದದ್ದು ನನಗೆ ತಪ್ಪೆನ್ನಿಸಲಿಲ್ಲ. ಕೈಯಲ್ಲಿ ಒಂದು ಪದವಿ ಬಂದ ಮೇಲೆ ಬಾಯಿಗೆ ಬಂದ ಮಾತು ಅದು.

ಪ್ರಶ್ನೆ: ಅಕ್ಕ, ಅಪ್ಪ ತೀರಿಕೊಂಡು ವರ್ಷವಾಯಿತು. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಕರೆದಿರುವ ಅಣ್ಣ, ಹಬ್ಬದ ಮರುವಾರ ನಾನೂ ತಂಗಿಯೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು ಎಂದಿದ್ದಾನೆ. ಒತ್ತಾಯವಿಲ್ಲ, ನಿಮ್ಮಿಷ್ಟ ಎನ್ನುತ್ತಾನೆ. ನನಗೂ ಕೊಡಬೇಕೆಂದೇ ಮನಸ್ಸಿದೆ. ಆದರೂ ರಾತ್ರಿ ನಿದ್ದೆ ಬರುವುದಿಲ್ಲ. ಇದು ನನ್ನ ಆಯ್ಕೆಯೇ?
ಹೆಸರು ಬೇಡ, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ತಂಗೀ, ಮೊದಲು ಕಾನೂನು. ಅಪ್ಪನಿಗೆ ಪಿತ್ರಾರ್ಜಿತವಾಗಿ ಬಂದ ಜಮೀನಿನಲ್ಲಿ ನಿಮಗೆ ಹುಟ್ಟಿನಿಂದಲೇ ಅಣ್ಣನಷ್ಟೇ ಪಾಲಿದೆ. ಮೈಸೂರು ಸಂಸ್ಥಾನ 1933ರಲ್ಲೇ ಆಸ್ತಿ ವಿಭಾಗದಲ್ಲಿ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಕೊಡುವ ಕಾನೂನು ಮಾಡಿತ್ತು. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳನ್ನು ಸಮಾನ ಹಕ್ಕುದಾರರನ್ನಾಗಿ ಮಾಡಿತು, ಅಷ್ಟರೊಳಗೆ ಮದುವೆಯಾಗಿದ್ದವರನ್ನು ಬಿಟ್ಟು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಆ ಭೇದವನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ವಿಭಾಗವಾಗಿದ್ದರೆ ಮಾತ್ರ ಬೇರೆ ಮಾತು.

ಈಗ ನಿಮ್ಮ ಪ್ರಶ್ನೆ. ಲಿಬರ್ಟೇರಿಯನ್ ಧಾರೆಯನ್ನು ಕೇಳಿದರೆ, ಯಾರೂ ಹೊಡೆದಿಲ್ಲ ಬೆದರಿಸಿಲ್ಲ, ನಿನ್ನ ಆಸ್ತಿ, ನೀನು ಯಾರಿಗಾದರೂ ಕೊಡು ಎನ್ನುತ್ತದೆ. ಸಂಪ್ರದಾಯದ ಧಾರೆಯನ್ನು ಕೇಳಿದರೆ, ತವರು ಎಂಬುದು ಗುಂಟೆಯಲ್ಲಿ ಅಳೆಯುವಂಥದ್ದಲ್ಲ, ಅಣ್ಣ ತರುವ ಮೊರದ ಬಾಗಿನಕ್ಕೆ ಬೆಲೆ ಕಟ್ಟಬೇಡ ಎನ್ನುತ್ತದೆ. ಎರಡೂ ಸುಳ್ಳು ಹೇಳುತ್ತಿಲ್ಲ. ಆದರೆ ನಿಮಗೆ ನಿದ್ದೆ ಏಕೆ ಬರುತ್ತಿಲ್ಲ ಎಂಬುದಕ್ಕೆ ಎರಡರಲ್ಲೂ ಉತ್ತರವಿಲ್ಲ.

ನನಗೆ ಗೊತ್ತು, ಏಕೆಂದರೆ 2008ರಲ್ಲಿ ನಾನೇ ಅಂಥ ಪತ್ರಕ್ಕೆ ಸಹಿ ಹಾಕಿದವಳು. ಪಾಂಡವಪುರ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಹತ್ತು ಗುಂಟೆ, ವಿಶ್ವೇಶ್ವರಯ್ಯ ನಾಲೆಯ ನೀರಿನ ಗದ್ದೆ. ಉಪನೋಂದಣಿ ಕಚೇರಿಯ ಹೊರಗೆ ಹುಣಸೆ ಮರದಡಿ ಪತ್ರ ಬರಹಗಾರರು ಚೆಕ್ಕುಬಂದಿ ಓದಿದರು: ಪೂರ್ವಕ್ಕೆ ನಾಲೆ ಏರಿ, ಪಶ್ಚಿಮಕ್ಕೆ ಚಿಕ್ಕಪ್ಪನವರ ಬಾಬ್ತು. ಆ ನಾಲೆ ಏರಿಯ ಮೇಲೆ ನಾನು ಈಜು ಕಲಿಯಲು ಸೋರೆಬುರುಡೆ ಕಟ್ಟಿಕೊಂಡು ನಿಂತಿದ್ದೆ. ಒಳಗೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು, ಕ್ಯಾಮೆರಾ ನೋಡಿ ಎಂದರು. ಗುಮಾಸ್ತರು ಕೇಳಿದರು: ‘ಯಾರ ಒತ್ತಾಯವೂ ಇಲ್ಲ ತಾನೇ?’ ಇಲ್ಲ ಎಂದೆ. ನಿಜವಾಗಿಯೂ ಇರಲಿಲ್ಲ. ನನಗೆ ಸಂಬಳವಿತ್ತು, ಮುಂದೆ ಪಿಂಚಣಿ ಇತ್ತು, ಮೈಸೂರಿನಲ್ಲಿ ನನ್ನ ಹೆಸರಿನ ಮನೆ ಇತ್ತು. ಅಣ್ಣನಿಗೆ ಎರಡು ಗಂಡುಮಕ್ಕಳು, ಬೆಳೆಸಾಲ. ನಾನು ಕೊಟ್ಟದ್ದು ಕೊಡುಗೆಯೇ.

ನನ್ನ ಹಿಂದೆ ಸಾಲಿನಲ್ಲಿ ನನ್ನ ತಂಗಿ ನಿಂತಿದ್ದಳು. ಅವಳಿಗೂ ಅದೇ ಪ್ರಶ್ನೆ, ಅವಳದ್ದೂ ಅದೇ ಉತ್ತರ. ಐದು ವರ್ಷದ ಮೇಲೆ ಅವಳ ಗಂಡ ತೀರಿಕೊಂಡ. ಟ್ರ್ಯಾಕ್ಟರ್ ಸಾಲಕ್ಕೆ ಇದ್ದದ್ದು ಹೋಯಿತು. ಹತ್ತು ಗುಂಟೆ ಬಿಟ್ಟುಕೊಡು, ಒಂದು ಮನೆ ಕಟ್ಟಿಕೊಳ್ಳುತ್ತೇನೆ ಎಂದು ಅಣ್ಣನನ್ನು ಕೇಳಿದಳು. ಅಣ್ಣ ಕೆಟ್ಟವನಲ್ಲ. ಇಂದಿಗೂ ಸುಗ್ಗಿಗೆ ಅವಳ ಮನೆಗೆ ಅಕ್ಕಿ ಮೂಟೆ ಹೋಗುತ್ತದೆ. ಆದರೆ ಜಮೀನು ಅಷ್ಟರಲ್ಲಿ ಸೊಸೈಟಿಯಲ್ಲಿ ಅಡಮಾನವಾಗಿತ್ತು, ಮಕ್ಕಳ ಹೆಸರಿಗೆ ಖಾತೆಯಾಗುವುದರಲ್ಲಿತ್ತು. ಅವಳು ನನಗೆ ಹೇಳಿದ್ದು ಒಂದೇ ಮಾತು: ‘ಅಕ್ಕ, ನೀನು ಹಾಕಿದೆಯಲ್ಲ, ಅದಕ್ಕೇ ನಾನೂ ಹಾಕಿದೆ.’

ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ 1994ರಲ್ಲಿ ದಕ್ಷಿಣ ಏಷ್ಯಾದ ಹೆಣ್ಣು ಮತ್ತು ಭೂಮಿಯ ಬಗ್ಗೆ ಬರೆದ ದೊಡ್ಡ ಗ್ರಂಥವನ್ನು ನಾನು ಪಾಠ ಮಾಡಿದ್ದೆ. ಅಕ್ಕತಂಗಿಯರು ಪಾಲು ಬಿಡುವುದು ಬರೀ ಪ್ರೀತಿಯಿಂದಲ್ಲ, ಗಂಡನ ಮನೆಯಲ್ಲಿ ಕಷ್ಟ ಬಂದರೆ ಇರುವುದು ತವರು ಒಂದೇ, ಅದನ್ನು ಉಳಿಸಿಕೊಳ್ಳಲು ತೆರುವ ಬೆಲೆ ಅದು ಎಂದು ಅವರು ಸ್ಪಷ್ಟವಾಗಿ ಬರೆದಿದ್ದಾರೆ. ಪಾಠ ಮಾಡಿದವಳು ಸಹಿ ಹಾಕುವ ದಿನ ತಂಗಿಯ ಕಡೆ ತಿರುಗಿ ನೋಡಲಿಲ್ಲ. ಅವರೇ 2005ರಲ್ಲಿ ಪ್ರದೀಪ್ ಪಾಂಡಾ ಅವರೊಂದಿಗೆ ತಿರುವನಂತಪುರ ಜಿಲ್ಲೆಯ ಅಧ್ಯಯನ ಪ್ರಕಟಿಸಿದರು. ಜಮೀನೂ ಮನೆಯೂ ಇಲ್ಲದ ವಿವಾಹಿತೆಯರಲ್ಲಿ ನೂರಕ್ಕೆ 49 ಮಂದಿ ಗಂಡನಿಂದ ಏಟು ತಿಂದಿದ್ದರು, ಎರಡೂ ಇದ್ದವರಲ್ಲಿ 7 ಮಂದಿ. ಈ ಅಂಕಿ ಓದಿದಾಗಲೆಲ್ಲ ನನಗೆ ಆ ಹುಣಸೆ ಮರ ನೆನಪಾಗುತ್ತದೆ.

ಆದ್ದರಿಂದ ಹಬ್ಬಕ್ಕೆ ಹೋಗಿ. ಬಾಗಿನ ಮನಸಾರೆ ತೆಗೆದುಕೊಳ್ಳಿ, ಅತ್ತಿಗೆಯ ಕೈಗೆ ಬಳೆ ತೊಡಿಸಿ. ಕಾಗದವನ್ನು ಮಾತ್ರ ಅಲ್ಲಿ ಸಹಿ ಹಾಕಬೇಡಿ, ಓದಲು ಮನೆಗೆ ತನ್ನಿ. ಯಾವ ಸರ್ವೆ ನಂಬರು, ಎಷ್ಟು ಗುಂಟೆ, ವಂಶವೃಕ್ಷದಲ್ಲಿ ನಿಮ್ಮಿಬ್ಬರ ಹೆಸರು ಇದೆಯೇ ನೋಡಿ. ಉಳುಮೆ ಅಣ್ಣನೇ ಮಾಡಲಿ, ಪಹಣಿಯಲ್ಲಿ ಮೂವರ ಹೆಸರು ಜಂಟಿಯಾಗಿರಲಿ ಎಂದು ಕೇಳಿ ನೋಡಿ. ಅಣ್ಣ ಅದಕ್ಕೆ ಏನು ಹೇಳುತ್ತಾನೆ ಎಂಬುದರಲ್ಲಿ ‘ನಿಮ್ಮಿಷ್ಟ’ ಎಂಬ ಮಾತಿನ ತೂಕ ತಿಳಿಯುತ್ತದೆ. ಸಲಹೆ ಬೇಕಾದರೆ ಮಂಡ್ಯದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಎಲ್ಲ ತಿಳಿದ ಮೇಲೂ ಕೊಡಬೇಕೆನ್ನಿಸಿದರೆ ಕೊಡಿ, ನಾನು ಬೇಡ ಎನ್ನುವುದಿಲ್ಲ.

ನೀವು ಅಂಗನವಾಡಿಯಲ್ಲಿ ಕೆಲಸ ಮಾಡುತ್ತೀರಿ, ಮನೆ ನಿಮ್ಮಿಬ್ಬರ ಹೆಸರಿನಲ್ಲಿದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನಿಮ್ಮ ತಂಗಿಗೆ ಏನಿದೆ ಎಂದು ಬರೆದಿಲ್ಲ. ಸಹಿ ಹಾಕುವ ಮೊದಲು ಅವಳ ಮನೆಗೆ ಹೋಗಿ ಕೇಳಿ, ನನಗೂ ಬರೆಯಿರಿ.